ಹಜ್ಜುಮ್ಮನ ಬಿಳಿ ಬೆಕ್ಕಿನ ತಳಿ

ಮೊನ್ನೆ ಮೆಲ್ಕಾರಿನ ಸಾಕುಪ್ರಾಣಿಗಳ ಅಂಗಡಿಯೊಂದರ ಬಾಗಿಲು ತಳ್ಳಿದಾಗ ಮೂಗಿಗೆ ಬಡಿದದ್ದು ಮಕ್ಕಳ ಪೌಡರಿನ ಪರಿಮಳ. ಮೀನಿನ ಆಹಾರ ತರಲು ಹೋದವನು ಅಲ್ಲೇ ನಿಂತುಬಿಟ್ಟೆ. ಪಾಣೆಮಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯ ಜಗಲಿಯಲ್ಲಿ ಮಧ್ಯಾಹ್ನವಾದರೆ ಇದೇ ಪರಿಮಳ...

ಹಜ್ ಮಾಡಿ ಬಂದವರೆಂದು ಊರೆಲ್ಲ ಆ ಮನೆಯ ಹಿರಿಯಾಕೆಯನ್ನು ಹಜ್ಜುಮ್ಮ ಎನ್ನುತ್ತಿತ್ತು. ಪರ್ಷಿಯನ್ ಬೆಕ್ಕುಗಳನ್ನು ಸಾಕಿದ್ದರು. ಅವುಗಳ ಉದ್ದ ಕೂದಲಿಗೆ ಪೌಡರು ಉದುರಿಸಿ, ಸಿಕ್ಕು ಬಿಡಿಸಿ, ಬಾಚುವುದರಲ್ಲೇ ಅವರ ಮಧ್ಯಾಹ್ನ ಕಳೆಯುತ್ತಿತ್ತು. ಮರಿ ಹಾಕಿಸುವ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಒಮ್ಮೆ ಹೆತ್ತ ಬೆಕ್ಕಿಗೆ ವರ್ಷದ ವಿಶ್ರಾಂತಿ. ಮೂರು ತಿಂಗಳಾಗದೆ ಮರಿಯನ್ನು ತಾಯಿಯಿಂದ ಬಿಡಿಸುವಂತಿಲ್ಲ. ಗಲ್ಫಿನಿಂದ ಬಂದ ನೆಂಟರು ವಿಮಾನದ ದಿನ ಹತ್ತಿರವಾಯಿತೆಂದು ಮರಿಗಾಗಿ ಅವಸರ ಮಾಡಿದರೆ, "ಹಾಗಾದರೆ ಮುಂದಿನ ರಜೆಗೆ ಬನ್ನಿ" ಎನ್ನುತ್ತಿದ್ದರು. ಹೆರಿಗೆ ಆಸ್ಪತ್ರೆಯ ದಾದಿಯರೂ ಅಷ್ಟು ಜೋರಿರಲಿಕ್ಕಿಲ್ಲ.

ಹಣೆಯಲ್ಲಿ ಬೂದಿ ಬಣ್ಣದ ಮಚ್ಚೆಯಿದ್ದ ಬಿಳಿ ಹೆಣ್ಣುಬೆಕ್ಕು ಅವರ ಜೀವ. ಅದು ಊಟ ಬಿಟ್ಟು ಬಡಕಲಾಗತೊಡಗಿದಾಗ ಮಂಗಳೂರಿಗೆ ಒಯ್ದು ಸ್ಕ್ಯಾನ್ ಮಾಡಿಸಿದೆವು. ಕಿಡ್ನಿಯ ತುಂಬ ನೀರಿನ ಗುಳ್ಳೆಗಳು. ತಾಯಿಯಿಂದ ಮರಿಗೆ ಬರುವ ಕಾಯಿಲೆ, ಮದ್ದಿಲ್ಲ ಎಂದರು ಡಾಕ್ಟರು. ಅದು ನರಳಿ ನರಳಿ ಸತ್ತಿತು. ಮನೆಯಲ್ಲಿದ್ದ ಅದರ ಮರಿಗಳಿಗೆಲ್ಲ ಹಜ್ಜುಮ್ಮ ಸಂತಾನಹರಣದ ಆಪರೇಷನ್ ಮಾಡಿಸಿದರು.

"ಈ ಸಂಕಟ ಇಲ್ಲಿಗೇ ನಿಲ್ಲಲಿ ಮಗಾ," ಎಂದರು.

ಅದರ ಮರಿಗಳಲ್ಲಿ ಹೊರಗೆ ಹೋಗಿದ್ದದ್ದು ಒಂದೇ. ಹಜ್ಜುಮ್ಮ ತಮ್ಮ ತಂಗಿಯ ಮಗಳಿಗೆ ಮದುವೆಯ ಉಡುಗೊರೆಯಾಗಿ ಕೊಟ್ಟದ್ದು, ಕನ್ಯಾನದ ಅವಳ ಗಂಡನ ಮನೆಯಲ್ಲಿತ್ತು. ನನ್ನ ಕಾರಿನಲ್ಲೇ ಹೋದೆವು. ಶರಬತ್ತು ಬಂತು, ತಿಂಡಿ ಬಂತು. ಆಪರೇಷನ್ನಿನ ಮಾತು ತೆಗೆದದ್ದೇ ಆ ಹುಡುಗಿಯ ಅತ್ತೆಯ ಮುಖ ಕಪ್ಪಿಟ್ಟಿತು.

"ಮದುವೆಗೆ ಕೊಟ್ಟದ್ದಕ್ಕೆ ಕತ್ತರಿ ಹಾಕುವುದಾ? ನಮ್ಮ ಸೊಸೆ ಈಗ ಬಸುರಿ. ಅಂಥ ಮಾತು ಈ ಮನೆಯಲ್ಲಿ ಬೇಡ."

ಹಜ್ಜುಮ್ಮ ಆಕೆಯ ಕೈ ಹಿಡಿದು ಬೇಡಿಕೊಂಡರು. ಕೆಡುಕು ಬಯಸಿ ಬಂದವರನ್ನು ಕಳಿಸುವಂತೆ ನಮ್ಮನ್ನು ಕಳಿಸಿಬಿಟ್ಟರು. ಆಮೇಲೆ ಒಡಹುಟ್ಟಿದ ತಂಗಿಯೂ ಹಜ್ಜುಮ್ಮನ ಜೊತೆ ಮಾತು ಬಿಟ್ಟಳು. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹಾಸಿಗೆ ಹಿಡಿದ ಮೇಲೂ ಹಜ್ಜುಮ್ಮ ಕೇಳುತ್ತಿದ್ದದ್ದು ಅದೊಂದನ್ನೇ: "ಕನ್ಯಾನದ್ದು ಮರಿ ಹಾಕಿತಾ?" ಗೊತ್ತಿಲ್ಲ ಎನ್ನುತ್ತಿದ್ದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ...

ನಾನು ಹಾಗೆಯೇ ನಿಂತದ್ದನ್ನು ಕಂಡು ಅಂಗಡಿಯವನು ಗೂಡಿನಿಂದ ಬಿಳಿ ಮರಿಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ಇನ್ನೂ ಹಾಲು ಕುಡಿಯುವ ಪ್ರಾಯ. ಹಣೆಯಲ್ಲಿ ಬೂದಿ ಮಚ್ಚೆ. ನನ್ನ ಬೆರಳನ್ನು ಚೀಪತೊಡಗಿತು.

"ಕನ್ಯಾನದಿಂದ ಬಂದದ್ದು. ಕಣ್ಣು ಮುಚ್ಚಿ ತಕೊಳ್ಳಿ ಮಾರಾಯ್ರೆ," ಎಂದ. "ಪಾಣೆಮಂಗಳೂರಿನ ಹಜ್ಜುಮ್ಮನ ತಳಿ ಇದು."

ಹಜ್ಜುಮ್ಮ ಈಗ ಇಲ್ಲದಿರುವುದೇ ಒಳ್ಳೆಯದಾಯಿತು ಎಂದು ಮೊದಲ ಸಲ ಅನ್ನಿಸಿತು.