ಸಾಲ ತೀರುವ ತನಕ ಪ್ಲಾಸ್ಟಿಕ್ಕು

ಹೇಸಿಕೊಳ್ಳುವ ಸ್ವಭಾವ ನನ್ನದಲ್ಲ. ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿ ಇಷ್ಟು ವರ್ಷ ಕೀವು ಒರೆಸಿದ್ದೇನೆ, ಹುಳ ಬಿದ್ದ ಗಾಯ ತೊಳೆದಿದ್ದೇನೆ. ಹೆರಿಗೆ ಕೋಣೆಯಿಂದ ಬಂದು ಸೋಪು ಹಚ್ಚಿ ಕೈ ತೊಳೆದು, ಡಬ್ಬಿ ಬಿಚ್ಚಿ ರೊಟ್ಟಿ ಶೇಂಗಾ ಚಟ್ನಿ ತಿಂದಿದ್ದೇನೆ. ಇಂಥ ನನಗೆ ಐದು ವರ್ಷ ಹೇಸಿಗೆ ಹುಟ್ಟಿಸಿದ್ದು ಒಂದು ಬಿಳಿ ಕಾರು. ಅದು ನಿಂತಿದ್ದು ನನ್ನ ಮನೆಯ ಮುಂದೆ, ಇದ್ದದ್ದು ನನ್ನ ಹೆಸರಿನಲ್ಲಿ, ಕಂತು ಹೋಗುತ್ತಿದ್ದದ್ದು ನನ್ನ ಸಂಬಳದಲ್ಲಿ.

ಮನೆ ಕೊಟ್ಟೂರಿನಲ್ಲಿ. ನನ್ನ ಗಂಡನದು ಅಲ್ಲೇ ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಔಷಧಿ ಮಾರುವ ಅಂಗಡಿ. ವ್ಯಾಪಾರ ಚೆನ್ನಾಗಿಯೇ ಇದೆ, ಆದರೆ ಕಾಗದದ ಮೇಲೆ ಇಲ್ಲ. ಬ್ಯಾಂಕಿನವರಿಗೆ ಬೇಕಾದದ್ದು ಕಾಗದ. ತಿಂಗಳು ತಿಂಗಳು ತಪ್ಪದೆ ಬರುವ ಸಂಬಳದ ಕಾಗದ ಮನೆಯಲ್ಲಿ ಇದ್ದದ್ದು ನನ್ನೊಬ್ಬಳ ಹತ್ತಿರ.

"ನಿನ್ನ ಹೆಸ್ರಿನಾಗಾ ಇರ್ಲಿ ಬಿಡು. ನೀನಾ ಓನರ್ರು," ಎಂದರು ಇವರು.

ಆ ಮಾತಿಗೆ ನಾನು ಉಬ್ಬಿದ್ದೂ ನಿಜ. ಮದುವೆಯಾದಾಗಿನಿಂದ ಆ ಮನೆಯಲ್ಲಿ ಗ್ಯಾಸಿನ ಪುಸ್ತಕ ಒಂದು ಬಿಟ್ಟರೆ ನನ್ನ ಹೆಸರಿನಲ್ಲಿ ಏನೂ ಇರಲಿಲ್ಲ. ಸಾಲಗಳು ಮಾತ್ರ ಇದ್ದವು. ಮೊದಲು ಮನೆಯ ಮೇಲೆ ಒಂದು ಕೋಣೆ ಏರಿಸಲು ಸಾಲ. ಅದು ತೀರುವಷ್ಟರಲ್ಲಿ ಅಂಗಡಿಗೆ ಮಾಲು ತುಂಬಲು ಇನ್ನೊಂದು. ಆಮೇಲೆ ಈ ಕಾರು. ಕೆಲಸಕ್ಕೆ ಸೇರಿದ ಮೇಲೆ ನಾನು ಒಂದು ಇಡೀ ಸಂಬಳ ಕಂಡವಳಲ್ಲ. ನನ್ನ ಕೈಗೆ ಅದು ಯಾರೋ ಕಚ್ಚಿ ಉಳಿಸಿದ ರೊಟ್ಟಿಯ ಹಾಗೆಯೇ ಬರುತ್ತಿತ್ತು. ನನಗಿದ್ದ ಆಸೆ ಒಂದೇ. ಯಾರೂ ಕೈ ಹಾಕದ ಒಂದು ಇಡೀ ಸಂಬಳ ನನ್ನ ಖಾತೆಯಲ್ಲಿ ಒಂದು ತಿಂಗಳು ಸುಮ್ಮನೆ ಕೂತಿರಬೇಕು. ಅದರಿಂದ ಏನು ಮಾಡುತ್ತೇನೆ ಎಂದು ಯೋಚಿಸಿಯೂ ಇರಲಿಲ್ಲ. ಕಾರಿನ ಕಂತು ತೀರಿದ ತಿಂಗಳು ಅದನ್ನು ನೋಡುತ್ತೇನೆ ಎಂದುಕೊಂಡೇ ಐದು ವರ್ಷ ಕಳೆದೆ.

ಹೊಸಪೇಟೆಯಿಂದ ಕಾರು ತಂದ ದಿನ ದೇವಸ್ಥಾನದ ಮುಂದೆ ನಿಲ್ಲಿಸಿ ಪೂಜೆ ಮಾಡಿಸಿದೆವು. ಚಕ್ರದ ಕೆಳಗೆ ನಿಂಬೆಹಣ್ಣು ಒಡೆದು, ಗಾಜಿಗೆ ವಿಭೂತಿ ಎಳೆದು ಮನೆಗೆ ಬಂದ ಮೇಲೆ ನನ್ನ ನಾದಿನಿ, ಇವರ ತಂಗಿ, ಹಿಂದಿನ ಸೀಟಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಹರಿಯಲು ಕೈ ಹಾಕಿದಳು. ಆಗ ಅವಳು ಬಿ.ಎಡ್. ಓದುತ್ತಿದ್ದಳು. ಅತ್ತೆ ಬಾಗಿಲಲ್ಲೇ ನಿಂತು ತಡೆದರು.

"ಮುಟ್ಟಬ್ಯಾಡವ್ವಾ. ಸಾಲ ತೀರೋತನ ಅದು ಮಂದಿ ವಸ್ತು ಇದ್ದಂಗ. ತೀರಿದ ದಿನ ತಗದ್ರಾತು."

"ಹೌದು, ಹಂಗಾ ಇರ್ಲಿ. ಸೀಟು ಹೊಲಸಾಗೋದಿಲ್ಲ," ಎಂದರು ಇವರೂ.

ನಮ್ಮ ಕಡೆ ಇದೇನು ಹೊಸದಲ್ಲ. ಟೀವಿಯ ರಿಮೋಟಿಗೆ ಕವರು, ಫ್ರಿಜ್ಜಿನ ಹಿಡಿಕೆಗೆ ಕವರು. ಹೊಸ ಸೋಫಾದ ಪ್ಲಾಸ್ಟಿಕ್ಕು ಹರಿಯುವಷ್ಟರಲ್ಲಿ ಒಳಗಿನ ಸೋಫಾ ಮುರಿದಿರುತ್ತದೆ. ಹಾಗಾಗಿ ನಾನೂ ಹೂಂ ಅಂದೆ.

ಬೇಸಿಗೆ ಬಂದಾಗ ಗೊತ್ತಾಯಿತು. ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನದ ತನಕ ನಿಂತ ಕಾರಿನ ಬಾಗಿಲು ತೆಗೆದರೆ ಒಳಗಿನಿಂದ ಕಾದ ಪ್ಲಾಸ್ಟಿಕ್ಕಿನ ನಾತ ಮುಖಕ್ಕೆ ಹೊಡೆಯುತ್ತಿತ್ತು. ಅದರ ಮೇಲೆ ಕೂತರೆ ಸೀರೆ ಬೆವರಿಗೆ ಅಂಟಿಕೊಳ್ಳುತ್ತಿತ್ತು, ಏಳುವಾಗ ಚರ್ಮ ಸುಲಿದ ಸದ್ದು ಬರುತ್ತಿತ್ತು. ಡಿಕ್ಕಿಯಲ್ಲಿ ಇವರು ಅಂಗಡಿಯ ಔಷಧಿ ಡಬ್ಬಿ ಸಾಗಿಸುತ್ತಿದ್ದರು, ಅದರ ಘಾಟು. ಅದನ್ನು ಮುಚ್ಚಲು ಮುಂದೆ ಇಟ್ಟ ಮಲ್ಲಿಗೆ ಸೆಂಟಿನ ಬಾಟಲಿ. ಅದರ ಪಕ್ಕದಲ್ಲಿ ಕಪ್ಪಗಾಗಿ ಕೊಳೆಯುತ್ತಿದ್ದ ಅಮಾವಾಸ್ಯೆಯ ನಿಂಬೆಹಣ್ಣು. ಗಾಜು ಇಳಿಸೋಣ ಎಂದರೆ, ಎ.ಸಿ. ಹಾಕೀನಿ, ಧೂಳು ಬರ್ತೈತಿ ಎನ್ನುತ್ತಿದ್ದರು. ಕೂಡ್ಲಿಗಿ ತಲುಪುವ ಮೊದಲೇ ನನಗೆ ವಾಂತಿ. ಗಾಡಿ ನಿಲ್ಲಿಸಿ ನಾನು ಜಾಲಿಗಿಡದ ಬುಡದಲ್ಲಿ ಬಗ್ಗಿ ನಿಂತಾಗ ನಾದಿನಿ ಇಳಿದು ಬಂದು ಹಣೆ ಹಿಡಿಯುತ್ತಿದ್ದಳು. ಇವರು ಒಳಗೇ ಕೂತು ಹಾರ್ನ್ ಒತ್ತುತ್ತಿದ್ದರು.

ಬೀಗರು ಬಿಜ್ಜರು ಸುಮ್ಮನಿರುತ್ತಾರೆಯೇ. ಮೈಲಾರಕ್ಕೆ ಹೋಗಬೇಕು, ಕಾರು ಕೊಡ್ರಿ. ಹಡಗಲಿಯಲ್ಲಿ ಹೆಣ್ಣು ನೋಡಬೇಕು, ಕಾರಿನಾಗ ಹೋದ್ರ ಒಂದು ತೂಕ ಇರ್ತೈತಿ. ತೆಲಿಗಿಯಲ್ಲಿ ಸೀಮಂತ. ಇವರು ಯಾರಿಗೂ ಇಲ್ಲ ಎಂದವರಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ. ಕೇಳಿದರೆ, "ಪ್ಲಾಸ್ಟಿಕ್ ಐತಲ್ಲ, ಒರಸಿದ್ರಾತು" ಎನ್ನುತ್ತಿದ್ದರು. ಒರೆಸುವವಳು ಯಾರು? ಮಂಡಕ್ಕಿ ಮಿರ್ಚಿಯ ಎಣ್ಣೆ ಕಾಗದ, ಶೇಂಗಾ ಸಿಪ್ಪೆ, ಕೂಸಿನ ಉಚ್ಚೆ, ಗುಟ್ಕಾ ಚೀಟಿ. ಓಡುವ ಗಾಡಿಯಿಂದ ಯಾರೋ ಉಗುಳಿದ್ದು ಬಾಗಿಲಿನ ಉದ್ದಕ್ಕೂ ಕೆಂಪು ಗೆರೆಯಾಗಿ ಒಣಗಿರುತ್ತಿತ್ತು. ಆಸ್ಪತ್ರೆಯಲ್ಲಿ ರೋಗಿಯ ಹೊಲಸು ತೊಳೆದರೆ ಅದು ಕೆಲಸ, ಅವನ ಸಂಕಟ ಕಣ್ಣಿಗೆ ಕಾಣುತ್ತದೆ. ಗಟ್ಟಿಮುಟ್ಟಾಗಿರುವ ಗಂಡಸರು ಉಗುಳಿ ಹೋದದ್ದನ್ನು ನನ್ನ ಭಾನುವಾರದ ಬೆಳಿಗ್ಗೆ ಕೆರೆದು ತೆಗೆಯುವುದಿದೆಯಲ್ಲ, ಅದಕ್ಕೆ ನನ್ನಲ್ಲಿ ಒಳ್ಳೆಯ ಮಾತಿಲ್ಲ.

ಡ್ಯೂಟಿಗೆ ನಾನು ಬಸ್ಸಿನಲ್ಲೇ ಹೋದೆ. ಕಿಟಕಿ ಪಕ್ಕ ಸಿಕ್ಕರೆ ಕೂತು, ಇಲ್ಲದಿದ್ದರೆ ಕಂಬ ಹಿಡಿದು ನಿಂತು. ಹೆಂಗಸರಿಗೆ ಟಿಕೆಟ್ ಇಲ್ಲ ಎಂದಾದ ಮೇಲೆ ಇನ್ನೂ ತಮಾಷೆಯಾಯಿತು: ತಿಂಗಳು ತಿಂಗಳು ದುಡ್ಡು ಕಟ್ಟಿದ ಕಾರಿನಲ್ಲಿ ನಾನು ಕೂರುವುದಿಲ್ಲ, ಕೂರುವ ಬಸ್ಸಿಗೆ ದುಡ್ಡೇ ಇಲ್ಲ. "ಸಿಸ್ಟರ್, ಕಾರು ಐತಲ್ರಿ ನಿಮ್ದು?" ಎಂದು ಕಂಡಕ್ಟರ್ ಕೇಳಿದ್ದಕ್ಕೆ, "ಐತಪ್ಪ, ಪೂಜಿಗೆ ಇಟ್ಟೀವಿ" ಎಂದೆ. ಬಸ್ಸಿನ ಅರ್ಧ ಮಂದಿ ನಕ್ಕರು.

ಕೊನೆಗೆ ಆ ದಿನ ಬಂತು. ಕೊನೆಯ ಕಂತು ಹೋಯಿತು, ಬ್ಯಾಂಕಿನಿಂದ ಬಾಕಿ ಇಲ್ಲ ಎಂಬ ಪತ್ರ ಕೈಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಎಲ್ಲರಿಗೂ ಪೇಡ ಹಂಚಿದೆ. ಆಯಾ ಕೂಡ ಕೈ ಹಿಡಿದು, "ಹಗುರಾದ್ರಿ ಬಿಡ್ರಿ ಸಿಸ್ಟರ್" ಎಂದಳು. ನಿಜವಾಗಿಯೂ ಹಗುರಾಗಿದ್ದೆ. ಮುಂದಿನ ತಿಂಗಳ ಸಂಬಳ ಇಡಿಯಾಗಿ ನನ್ನದು.

ಆ ಭಾನುವಾರ ಪ್ಲಾಸ್ಟಿಕ್ಕು ತೆಗೆಯುವ ಕಾರ್ಯ. ಅತ್ತೆ ಕಾರಿಗೆ ಊದಿನಕಡ್ಡಿ ಬೆಳಗಿದರು. ಇವರು ಬ್ಲೇಡು ಹಿಡಿದು ಸೀಟಿನ ಅಂಚಿನಲ್ಲಿ ಕೊಯ್ದು ಎಳೆದರು. ಮೇಲಿನ ಬಟ್ಟೆ ನಿಜಕ್ಕೂ ಹೊಸದರ ಹಾಗೆ ಬೂದು ಬಣ್ಣದಲ್ಲಿ ಹೊಳೆಯುತ್ತಿತ್ತು. ಸೀಟು ಬೆನ್ನು ಕೂಡುವ ಸಂದಿಯಲ್ಲಿ ಮಾತ್ರ ಬೇರೆಯೇ ಸಂಸಾರ ನಡೆದಿತ್ತು. ಹರಿದ ತೂತಿನಿಂದ ಇಳಿದ ನೀರು ಹೊರಗೆ ಬರಲಾಗದೆ ಕಪ್ಪು ಬೂಷ್ಟು ಕಟ್ಟಿತ್ತು. ಯಾವ ಕಾಲದ್ದೋ ಬಿಸ್ಕತ್ತು ಹಿಟ್ಟಾಗಿ ಅಂಟಿ, ಅದರಲ್ಲಿ ಇರುವೆ ಸತ್ತಿದ್ದವು. ಒಣಗಿದ ಉಚ್ಚೆಯ ಹಳದಿ ಕಲೆ, ಜಿರಲೆಯ ಮೊಟ್ಟೆ. ಐದು ವರ್ಷ ಮುಚ್ಚಿಟ್ಟ ನಾತ ಒಮ್ಮೆಲೇ ಎದ್ದಿತು. ನಾನು ಮೋರಿಯ ಹತ್ತಿರ ಓಡಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡೆ. ನಿಂತಿದ್ದ ಕಾರಿಗೆ ವಾಂತಿ ಮಾಡಿಕೊಂಡವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಬಾಯಿ ಮುಕ್ಕಳಿಸಿ ತಿರುಗಿ ನೋಡಿದರೆ ಇವರು ಸಂದಿ ಕಾಣದ ಹಾಗೆ ಸೀಟಿನ ಫೋಟೋ ತೆಗೆಯುತ್ತಿದ್ದರು.

"ನೋಡು, ಷೋರೂಮಿನಾಗ ಇದ್ದಂಗ ಐತಿ. ಇದಕ್ಕ ಬೆಸ್ಟ್ ರೇಟು ಬರ್ತೈತಿ."

"ಯಾವುದಕ್ಕ ರೇಟು?"

"ಎಕ್ಸ್‌ಚೇಂಜಿಗೆ. ಏಳು ಸೀಟಿನ ಗಾಡಿ ನೋಡೀನಿ. ನಾಳೆ ಷೋರೂಮಿನಾಂವ ಬರ್ತಾನ."

ಆಗ ನನಗೆ ಅರ್ಥವಾಯಿತು. ಐದು ವರ್ಷ ನಾವು ಆ ಸೀಟಿನ ಮೇಲೆ ಕೂತೇ ಇರಲಿಲ್ಲ. ಬೆಂದು, ಬೆವೆತು, ಅಂಟಿಕೊಂಡು ಕೂತದ್ದು ಪ್ಲಾಸ್ಟಿಕ್ಕಿನ ಮೇಲೆ. ಸೀಟನ್ನು ಯಾರೋ ಗುರುತಿಲ್ಲದವನಿಗೆ ಕಾದಿಟ್ಟಿದ್ದೆವು. ಮೊದಲ ದಿನವೇ ಇವರಿಗೆ ಇದು ಗೊತ್ತಿತ್ತು. ಸಾಲ ತೀರುವುದು ಎಂದರೆ ಇವರಿಗೆ ಬಿಡುಗಡೆಯಲ್ಲ, ಮುಂದಿನ ಸಾಲಕ್ಕೆ ಜಾಗ ಖಾಲಿಯಾದದ್ದು.

ಮರುದಿನ ಸಂಜೆ ಷೋರೂಮಿನವನು ಬಂದ. ಇಸ್ತ್ರಿ ಅಂಗಿ, ನಗು ಮುಖ. ಅತ್ತೆ ಚಹಾ ಕೊಟ್ಟರು. ಅವನು ಎರಡು ಕಟ್ಟು ಕಾಗದ ಟೀಪಾಯಿಯ ಮೇಲೆ ಇಟ್ಟ. ಒಂದು ಹಳೆಯ ಕಾರು ಬಿಟ್ಟುಕೊಡಲು, ಇನ್ನೊಂದು ಹೊಸ ಸಾಲಕ್ಕೆ. ಎರಡಕ್ಕೂ ಬೇಕಾದದ್ದು ನನ್ನ ಸಹಿ.

"ಮೇಡಂ, ನಿಮಗೇನೂ ಭಾರ ಆಗೋದಿಲ್ರಿ. ಹಳೇ ಗಾಡಿ ರೊಕ್ಕ ಮುಂಗಡಕ್ಕ ಹೋತು. ಕಂತು ಒಂಚೂರು ಜಾಸ್ತಿ ಅಷ್ಟಾ. ಹೆಂಗೂ ನಿಮಗ ಕಟ್ಟಿ ರೂಢಿ ಐತಲ್ರಿ."

ರೂಢಿ. ಎತ್ತಿಗೆ ನೊಗ ರೂಢಿ ಇದೆ ಎಂದು ಸಂತೆಯಲ್ಲಿ ದಲ್ಲಾಳಿ ಹೇಳುತ್ತಾನಲ್ಲ, ಅದೇ ದನಿ.

"ಹಳೇದು ಒಯ್ರಿ. ಅದಕ್ಕ ಸೈನ್ ಮಾಡ್ತೀನಿ. ಹೊಸಾ ಸಾಲಕ್ಕ ಮಾಡಂಗಿಲ್ಲ," ಎಂದೆ.

ಇವರು ನಗಲು ನೋಡಿದರು. ಆಮೇಲೆ ದನಿ ತಗ್ಗಿಸಿ, "ಬಂದವರ ಮುಂದ ಮಾನ ಕಳೀಬ್ಯಾಡ" ಎಂದರು.

"ನಿಮ್ಮ ಮಾನಕ್ಕ ಎಷ್ಟು ವರ್ಷ ಕಂತು ಕಟ್ಟಬೇಕ್ರಿ ನಾನು?"

ಷೋರೂಮಿನವನು ಚಹಾದ ಲೋಟದೊಳಗೆ ನೋಡುತ್ತಾ ಕೂತ. ಅತ್ತೆ ಅಡುಗೆಮನೆಗೆ ಹೋದರು. ನಾನು ಹಳೆಯ ಕಾರಿನ ಕಾಗದಗಳಿಗೆ ಮಾತ್ರ ಸಹಿ ಹಾಕಿ ಎದ್ದೆ. ಆ ಕಾರಿನ ದುಡ್ಡು ಕೇಳುವ ಬುದ್ಧಿ ನನಗೆ ಬರಲಿಲ್ಲ. ಅದು ಕಣ್ಣೆದುರಿನಿಂದ ತೊಲಗಿದರೆ ಸಾಕಾಗಿತ್ತು. ಕೊಟ್ಟವಳು ಕೋಡಂಗಿ, ಇಸಕೊಂಡವನು ಈರಭದ್ರ.

ಅಲ್ಲಿಂದ ಇವರು ನನ್ನೊಡನೆ ಮಾತು ಬಿಟ್ಟರು. ಊಟಕ್ಕೆ ಕರೆದರೆ ಅತ್ತೆಯ ಕಡೆ ತಿರುಗಿ, "ಹಸಿವಿಲ್ಲ ಅಂತ ಹೇಳು" ಎನ್ನುತ್ತಿದ್ದರು. ನನಗೆ ಬೇಜಾರೇನೂ ಆಗಲಿಲ್ಲ. ಮನೆಯ ಮುಂದಿನ ಜಾಗ ಖಾಲಿಯಾಗಿತ್ತು, ಅಲ್ಲಿ ನೀರು ಹೊಡೆದು ಮನಸಾರೆ ರಂಗೋಲಿ ಹಾಕಿದೆ.

ಸಂಬಳ ಬಂತು. ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಫೋನಿನಲ್ಲಿ ಅದನ್ನೇ ನೋಡಿದೆ. ಕಂತಿನ ತಾರೀಕು ಬಂತು, ಹೋಯಿತು. ಯಾರೂ ಏನೂ ಕಿತ್ತುಕೊಳ್ಳಲಿಲ್ಲ. ತಾರೀಕು ದಾಟಿದ ಸಂಜೆ ಒಂದು ಲೋಟ ಕಬ್ಬಿನ ಹಾಲು ಕುಡಿದು, ಇನ್ನೊಂದು ಲೋಟವನ್ನೂ ಕುಡಿದೆ. ಸಾಲವಿಲ್ಲದವರ ನಾಲಿಗೆಗೆ ರುಚಿ ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಸಿಕ್ಕಿತು. ಕೊಟ್ಟೂರಿನ ತನಕ ನಾನು ನಗುತ್ತಲೇ ಬಂದಿರಬೇಕು.

ಎರಡು ವಾರ ಕಳೆದು ಒಂದು ಶನಿವಾರ ಮನೆಗೆ ಬಂದರೆ ರಂಗೋಲಿಯ ಮೇಲೆ ಏಳು ಸೀಟಿನ ಗಾಡಿ ನಿಂತಿತ್ತು. ಸೀಟಿಗೆಲ್ಲ ಪ್ಲಾಸ್ಟಿಕ್ಕು. ಒಳಗೆ ನಾದಿನಿ ಬಂದಿದ್ದಳು. ಅವಳಿಗೆ ಕೆಲವೇ ತಿಂಗಳ ಹಿಂದೆ ಹಡಗಲಿ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟ್ರಗಿರಿ ಸಿಕ್ಕಿತ್ತು. ಹಡಗಲಿಯಲ್ಲೇ ಬಾಡಿಗೆ ಕೋಣೆ ಮಾಡಿಕೊಂಡು ಇದ್ದಳು. ಸಾಲ ಅವಳ ಹೆಸರಿನಲ್ಲಿ ಆಗಿದೆ ಎಂದು ನನಗೆ ಹೇಳಿದ್ದು ಅತ್ತೆ, ಸಕ್ಕರೆ ಖಾಲಿಯಾಗಿದೆ ಎಂದು ಹೇಳುವ ದನಿಯಲ್ಲಿ.

ಅಷ್ಟು ದಿನದ ಮೇಲೆ ನಾನೇ ಇವರನ್ನು ಮಾತಾಡಿಸಿದೆ. "ನಾಳೆ ಲಗ್ನ ಆಗಿ ಹೋಗೋ ಹುಡುಗಿ. ಆಕಿ ತಲಿಗೆ ಕಟ್ಟೀರಲ್ಲ?"

"ಅದಕ್ಕಾ ಈಗ ಮಾಡಿದ್ದು," ಎಂದರು ಇವರು, ತಲೆ ಎತ್ತದೆ. "ಲಗ್ನ ಆದ ಮ್ಯಾಲೆ ಆಕಿ ಪಗಾರ ಅವ್ರ ಮನಿದು. ಆಗ ನಮಗ್ಯಾರು ಸೈನ್ ಮಾಡ್ತಾರ?"

ಒಡಹುಟ್ಟಿದವಳ ಬಗ್ಗೆ ಆಡಿದ ಮಾತು ಅದು, ಹಬ್ಬಕ್ಕೆ ಮೊದಲೇ ಕುರಿ ಮಾರಿದ ಜಾಣತನದಲ್ಲಿ. ಐದು ವರ್ಷ ಆ ಕಾರಿನಲ್ಲಿ ನನಗೆ ಎಷ್ಟು ಹೇಸಿಗೆಯಾಗಿತ್ತೋ ಅಷ್ಟೂ ಆ ಒಂದು ಮಾತಿಗೆ ಆಯಿತು. ನನ್ನ ಹಳೆಯ ಕಾರಿನ ದುಡ್ಡೇ ಅವಳ ಸಾಲಕ್ಕೆ ಮುಂಗಡವಾಗಿದೆ ಎಂಬುದೂ ಹೊಳೆಯಿತು.

ನಾದಿನಿ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಅತ್ತಿಗಿ, ಸಿಟ್ಟಾಗೀರೇನ್ರಿ?"

"ನಿನ್ನ ಮ್ಯಾಲಲ್ಲ. ನನ್ನ ಒಂದು ಮಾತು ಕೇಳಬಾರದಿತ್ತಾ?"

"ಅಣ್ಣ ಕೇಳಿದ್ರ ಹೆಂಗ ಇಲ್ಲ ಅನ್ನೋದ್ರಿ? ಓದ್ಸ್ಯಾನ. ಬಂದವ್ರಿಗೆಲ್ಲಾ, ಇದು ನಮ್ಮ ತಂಗಿ ಗಾಡಿ ಅಂತ ಹೇಳಾಕತ್ಯಾನ."

ಹಾಗೆ ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು. ಆ ಹೆಮ್ಮೆಯನ್ನು ಒಡೆಯಲು ನನಗೆ ಮನಸ್ಸು ಬರಲಿಲ್ಲ. ಇನ್ನೊಂದು ಗಡ್ಡೆ ಬಿಡಿಸುತ್ತಾ ಅವಳೇ ಕೇಳಿದಳು.

"ಕಂತು ಐದನೇ ತಾರೀಕಿಗೆ ಅಂತ್ರಿ. ಅವತ್ತಾ ರೊಕ್ಕ ಇದ್ರ ಸಾಕಾ, ಮೊದ್ಲಾ ಇಟ್ಟಿರಬೇಕಾ?"

ಹೇಳುವುದಿಲ್ಲ ಎಂದುಕೊಂಡೆ. ಆದರೆ ಹೇಳದಿದ್ದರೆ ದಂಡ ಬೀಳುವುದು ಅವಳಿಗೇ.

"ಹಿಂದಿನ ದಿನಾನಾ ಇರ್ಲಿ. ಒಂದು ರೂಪಾಯಿ ಕಮ್ಮಿ ಬಿದ್ರೂ ದಂಡ ಹಾಕ್ತಾರ. ಪಗಾರ ತಡಾ ಆಗೋ ತಿಂಗ್ಳಿಗೆ ಅಂತ ಒಂದು ಕಂತಿನ ರೊಕ್ಕ ಬ್ಯಾರೆ ಕಡೆ ಎತ್ತಿಡು. ಅದು ಐತಿ ಅಂತ ಅಣ್ಣಗ ಹೇಳಬ್ಯಾಡ."

ಅವಳು ಕೈ ಒರೆಸಿಕೊಂಡು ಅದನ್ನೆಲ್ಲ ಫೋನಿನಲ್ಲಿ ಬರೆದುಕೊಂಡಳು, ಒಳ್ಳೆಯ ವಿದ್ಯಾರ್ಥಿನಿಯ ಹಾಗೆ. ಅಷ್ಟು ಸಲೀಸಾಗಿ ಹೇಳಿಕೊಡುತ್ತಿದ್ದ ನನ್ನ ನಾಲಿಗೆಯ ಮೇಲೆಯೇ ನನಗೆ ಹೇಸಿಗೆ ಬಂತು.

"ಮತ್ತೇನಾರ ಐತೇನ್ರಿ ಅತ್ತಿಗಿ?" ಎಂದಳು.

ಇನ್ನೂ ಬಹಳ ಇತ್ತು. ಒಂದೊಂದಾಗಿ ಹೇಳತೊಡಗಿದೆ.