ಅಂಗೈಯಲ್ಲಿದ್ದ ಭಂಡಾರ

ಮೊನ್ನೆ ಉದಗೀರದ ಕಾಲೇಜಿನಲ್ಲಿ ಸಂಶೋಧನೆಗೆ ಹೊರಡುವವರಿಗೆ ಪಾಠ ಹೇಳಲು ಹೋಗಿದ್ದೆ. ಜನರನ್ನು ಹೇಗೆ ಕೇಳಬೇಕು, ಏನು ಕೇಳಬಾರದು, ಕೇಳಿದ್ದನ್ನು ತಿದ್ದದೆ ಹೇಗೆ ಬರೆಯಬೇಕು ಎಂಬುದು ನನ್ನ ಪಾಠ. ವರ್ಷಗಳಿಂದ ಅದನ್ನೇ ಹೇಳುತ್ತಿರುವುದರಿಂದ ಯಾವ ಮಾತಿಗೆ ಯಾರು ಆಕಳಿಸುತ್ತಾರೆ ಎಂಬುದೂ ನನಗೆ ಬಾಯಿಪಾಠ. ಚಹಾದ ಹೊತ್ತಿಗೆ ಔರಾದ ಶಹಾಜನಿ ಕಡೆಯ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದಳು. ಹೆಂಗಸರು ಸಾಲಾಗಿ ಕೂತಿದ್ದಾರೆ, ಎಲ್ಲರ ಹಣೆಯ ಮೇಲೂ ಭಂಡಾರದ ಅರಿಶಿನ. "ಎಲ್ಲಾರೂ ಹೂಂ ಅಂದ್ರು ಮ್ಯಾಡಮ್, ಒಬ್ಬರೂ ಒಲ್ಲೆ ಅನ್ನಲಿಲ್ಲ" ಎಂದಳು.

ಹೆಮ್ಮೆಯಿಂದಲೇ ಹೇಳಿದಳು, ಪಾಪ. ನಾನು ಚಹಾದ ಲೋಟ ಕೆಳಗಿಟ್ಟೆ. ಆ ಮಾತು ಕೇಳಿದರೆ ಇಂದಿಗೂ ಭಯವಾಗುತ್ತದೆ. ಯಾಕೆಂದು ನಿಮಗೆ ಹೇಳುತ್ತೇನೆ. ಹೆಸರು ಬದಲಿಸಿದ್ದೇನೆ, ಊರು ಹೇಳುವುದಿಲ್ಲ. ನೀವೂ ಹುಡುಕಿಕೊಂಡು ಹೋಗಬೇಡಿ.

ಆಗ ನಾನು ಬಿ.ಎ. ಮುಗಿಸಿ ನಿಲಂಗಾದ ಮನೆಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದೆ. ಪುಣೆಯಿಂದ ಸುನಂದಾಬಾಯಿ ಎಂಬ ಸಂಶೋಧಕಿ ಬಂದರು. ಕುರಿ ಸಾಕುವ ಮನೆಗಳ ಹೆಂಗಸರ ಬಸಿರು, ಬಾಣಂತನ, ಆರೋಗ್ಯ ಅವರ ವಿಷಯ. ಅವರಿಗೆ ಕನ್ನಡ ಬಾರದು, ಆ ಹೆಂಗಸರಿಗೆ ಮನಸ್ಸಿನ ಮಾತು ಕನ್ನಡದಲ್ಲೇ ಬರಬೇಕು. ನಾನು ದುಭಾಷಿಯಾದೆ. ನಮ್ಮ ಕಡೆ ದುಭಾಷಿ ಎಂದರೆ ನಗುತ್ತಾರೆ, ಯಾಕೆಂದರೆ ಇಲ್ಲಿ ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುತ್ತದೆ. ಎರಡೂ ಎಲ್ಲರಿಗೂ ತಿಳಿಯುತ್ತದೆ. ಸುನಂದಾಬಾಯಿ ನನ್ನನ್ನು ಎದುರಿಗೆ ಕೂರಿಸಿಕೊಂಡು ನಿಯಮಗಳನ್ನೆಲ್ಲ ಕಲಿಸಿದರು. ಉತ್ತರ ಕೊಡುವುದು ಬೇಡವೆನಿಸಿದರೆ ಯಾರೂ ಕೊಡಬೇಕಿಲ್ಲ, ನಡುವೆ ಎದ್ದು ಹೋಗಬಹುದು. ನಾನು ಗಿಳಿಯಂತೆ ಒಪ್ಪಿಸಿ ಅವರಿಂದ ಶಾಭಾಸ್ ಅನ್ನಿಸಿಕೊಂಡೆ.

ಹೆದ್ದಾರಿಯಲ್ಲಿ ಬಸ್ಸಿಳಿದು ಒಳಗೆ ಹೋಗಬೇಕಾದ ಊರು ಅದು. ಬೆಳಿಗ್ಗೆ ಬೋರಿಂಗಿನ ಬಳಿ ಒಬ್ಬ ಹೆಂಗಸು ಸಿಕ್ಕಳು. ಕಾಶಮ್ಮ ಎನ್ನೋಣ. ಏನೇನು ಕೇಳುತ್ತೀರಿ ಎಂದು ವಿಚಾರಿಸಿದಳು. ಮುಂದೆ ಮಕ್ಕಳು ಬೇಕೇ, ಬೇಡವಾದರೆ ಏನು ಮಾಡಿದ್ದೀರಿ ಎಂದೂ ಕೇಳುತ್ತೇವೆ ಎಂದೆ. ಆಕೆ ಕೊಡ ಕೆಳಗಿಟ್ಟಳು.

"ತವರಿಗಿ ಹೋದಾಗ ಆಪರೇಶನ್ ಮಾಡಸ್ಕೊಂಡ ಬಂದೀನ್ರೀ ಅಕ್ಕಾ. ಮನ್ಯಾಗ ಯಾರಿಗೂ ಗೊತ್ತಿಲ್ಲ. ಗೊತ್ತಾದರ ನನ್ನ ಇಟಗೊಳ್ಳಲ್ಲ."

ಎರಡು ಹೆಣ್ಣುಮಕ್ಕಳ ತಾಯಿ. ಮೂರನೆಯದು ಗಂಡಾಗಲೆಂದು ಅತ್ತೆ ಕುಲದೇವರು ಬೀರಪ್ಪನಿಗೆ ಹರಕೆ ಹೊತ್ತಿದ್ದಳು. ಬೇಡವೆನಿಸಿದರೆ ಹೇಳಬೇಡ, ಅಷ್ಟೇ, ಎಂದು ನಾನು ಧೈರ್ಯ ಕೊಟ್ಟೆ. ಕಲಿತ ಪಾಠ ಬಿಸಿಬಿಸಿಯಾಗಿತ್ತಲ್ಲ.

ಹೆಂಗಸರು ಸೇರಬೇಕಿದ್ದ ಬೀರಪ್ಪನ ಗುಡಿಗೆ ಹೋಗುವಷ್ಟರಲ್ಲಿ ಪೂಜಾರಿ ಅಜ್ಜ ನಮಗಿಂತ ಮುಂದಾಗಿದ್ದ. ಹೆಂಗಸರನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿ, ಒಬ್ಬೊಬ್ಬರ ಅಂಗೈಗೂ ಭಂಡಾರ ಹಾಕಿ, ಅಕ್ಕೋರು ಕೇಳಿದ್ದಕ್ಕೆ ಖರೇ ಹೇಳುತ್ತೇವೆ, ಮುಚ್ಚಿಡುವುದಿಲ್ಲ ಎಂದು ಹೇಳಿಸಿಬಿಟ್ಟಿದ್ದ. ನಮಗೆ ಉಪಕಾರವಾಗಲೆಂದೇ ಮಾಡಿದ್ದು. ಬೀರಪ್ಪನ ಭಂಡಾರ ಹಿಡಿದು ಆಡಿದ ಮಾತಿಗೆ ಆ ಜನ ತಪ್ಪುವುದಿಲ್ಲ. ಸುನಂದಾಬಾಯಿ ಅದನ್ನು ಸ್ವಾಗತವೆಂದುಕೊಂಡು ಕೈಮುಗಿದರು. ನಾನು ಕಾಶಮ್ಮನನ್ನು ನೋಡಿದೆ. ಮುಷ್ಟಿ ಬಿಗಿಹಿಡಿದಿದ್ದಳು. ಪಕ್ಕದಲ್ಲೇ ಅತ್ತೆ.

ನಿಜ ಹೇಳಿದರೆ ಮನೆ ಹೋಯಿತು. ಸುಳ್ಳು ಹೇಳಿದರೆ ಬೀರಪ್ಪ ಹೆಣ್ಣುಮಕ್ಕಳ ಮೇಲೆ ಕಣ್ಣು ಬಿಡುತ್ತಾನೆಂಬ ಭಯ. ಆಕೆಯ ಉತ್ತರವನ್ನು ನಾನೇ ಬದಲಿಸಿ ಹೇಳಿದರೆ? ಪಕ್ಕದಲ್ಲಿ ಎರಡೂ ಭಾಷೆ ಬಲ್ಲ ಅತ್ತೆ. ಮೇಲಾಗಿ ಸಂಶೋಧನೆಯೊಳಗೇ ಸುಳ್ಳು ಹೊಕ್ಕಂತೆ. ಸುನಂದಾಬಾಯಿಗೆ ಗುಟ್ಟಾಗಿ ಹೇಳೋಣವೆಂದರೆ ಯಾವ ಭಾಷೆಯಲ್ಲಿ ಹೇಳಲಿ? ಉಳಿದಿದ್ದು ಇಂಗ್ಲಿಷ್. ಗೈಡು ಓದಿ ಪಾಸಾದ ಇಂಗ್ಲಿಷ್. "ಮ್ಯಾಡಮ್, ದೇ ಕಾಂಟ್ ಸೇ ನೋ" ಎಂದೆ. ಅಷ್ಟೇ ಬಂದದ್ದು. ಕಾಶಮ್ಮನ ಗುಟ್ಟನ್ನು ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಅವರು ಆ ಅಂಗೈಗಳನ್ನೆಲ್ಲ ನೋಡಿ ಪೆನ್ನು ಒಳಗಿಟ್ಟರು. ಭಂಡಾರ ಹಿಂದಕ್ಕೆ ತೆಗೆದುಕೊಳ್ಳಿ ಎಂದು ಅಜ್ಜನಿಗೆ ಮರಾಠಿಯಲ್ಲಿ ಕೈಮುಗಿದು ಕೇಳಿದರು. ಅಜ್ಜನ ಮುಖ ಬಿಗಿಯಿತು. ಕೊಟ್ಟದ್ದನ್ನು ತಾನು ತೆಗೆದುಕೊಳ್ಳಲು ಬರುವುದಿಲ್ಲ, ಯಾರಿಗೆ ಮಾತು ಕೊಟ್ಟಿದ್ದಾರೋ ಅವರೇ ಬಿಡಿಸಬೇಕು ಎಂದ. ಸುನಂದಾಬಾಯಿ ಒಬ್ಬೊಬ್ಬರ ಮುಂದೂ ಕೂತು ಭಂಡಾರ ವಾಪಸು ಪಡೆಯಲು ಸೆರಗು ಒಡ್ಡಿದರು. ಕಾಶಮ್ಮನ ಸರದಿ ಬಂದಾಗ ಮುಷ್ಟಿಯೇ ಬಿಚ್ಚಲಿಲ್ಲ. ಅತ್ತೆ ಸೊಸೆಯ ಕೈಯನ್ನೇ ನೋಡುತ್ತಿದ್ದಳು. ಸುನಂದಾಬಾಯಿ ಬೆರಳುಗಳನ್ನು ಮೆಲ್ಲಗೆ ಬಿಡಿಸಿದರು. ಬೆವರಿಗೆ ಭಂಡಾರ ಮುದ್ದೆಯಾಗಿತ್ತು. ಸೆರಗಿನಿಂದ ಒರೆಸಿದರು.

"ಸುಳ್ಳ ಹೇಳ್ಲಿ ಅಂತ ಬಿಡಸಿದ್ರೇನವಾ?" ಎಂದ ಅಜ್ಜ.

ಅವರ ಉತ್ತರವನ್ನು ನಾನು ಕನ್ನಡದಲ್ಲಿ ಹೇಳಿದೆ: "ಸುಮ್ಮ ಇರಬೇಕನಸಿದರ ಸುಮ್ಮ ಇರಲಿ ಅಂತ ಬಿಡಸೇವ್ರೀ ಅಜ್ಜಾ."

ಇನ್ನು ಕೇಳಿದರೆ ಸುಮ್ಮನಿದ್ದವಳ ಮೇಲೆ ಎಲ್ಲರ ಕಣ್ಣು ಬೀಳುತ್ತಿತ್ತು. ನಾವು ಒಂದು ಪ್ರಶ್ನೆಯನ್ನೂ ಕೇಳದೆ ಬಸ್ಸು ಹತ್ತಿದೆವು. ಆ ಊರನ್ನು ಅವರು ತಮ್ಮ ಕೆಲಸದಿಂದಲೇ ಕೈಬಿಟ್ಟರು. ಅತ್ತೆಗೆ ಸಂಶಯ ಬಂದಿರಬಹುದೇ ಎಂಬ ಹೆದರಿಕೆ ಮಾತ್ರ ಎಷ್ಟೋ ದಿನ ನನ್ನನ್ನು ಬಿಡಲಿಲ್ಲ.

ಉದಗೀರದ ಹುಡುಗಿಗೆ ನಾನು ಕೇಳಿದ್ದು ಇಷ್ಟೇ: ಅವರಿಗೆ ಒಲ್ಲೆ ಅನ್ನಲು ದಾರಿ ಇತ್ತೇನವ್ವಾ? ಆಕೆ ಫೋಟೊವನ್ನು ಮತ್ತೊಮ್ಮೆ ನೋಡಿದಳು. ನಾಳೆಯೇ ಹೋಗಿ ಕೇಳಿಕೊಂಡು ಬರುತ್ತೇನೆ ಎಂದಳು.

ನನಗೂ ಕೇಳುವುದಿತ್ತು. ಇದನ್ನು ಬರೆಯುವ ಮೊದಲು ಕಾಶಮ್ಮನಿಗೆ ಫೋನ್ ಮಾಡಿದೆ. ಅತ್ತೆ ಈಗಿಲ್ಲ, ಗಂಡನಿಗೆ ಇನ್ನೂ ಗೊತ್ತಿಲ್ಲ. ಬರೆಯಲೇ ಎಂದು ಕೇಳಿದ್ದಕ್ಕೆ ಹೇಳಿದಳು: "ಬರೀರಿ ಅಕ್ಕಾ, ಹೆಸರು ಬ್ಯಾಡ. ನಾಳಿ ನನ್ನ ಮನಸ ತಿರಗಿದರ ಫೋನ ಮಾಡತೀನಿ, ಅವಾಗ ಹರದ ಒಗೀರಿ."

ಹೂಂ ಎಂದೆ. ಬರೆದದ್ದನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೇನೆ. ಫೋನ್ ರಿಂಗಾದಾಗಲೆಲ್ಲ ಮೊದಲು ಯಾರ ಹೆಸರೆಂದು ನೋಡುತ್ತೇನೆ. ನೀವು ಇದನ್ನು ಓದುತ್ತಿದ್ದೀರಿ ಎಂದರೆ, ಆಕೆಯ ಫೋನ್ ಬರಲಿಲ್ಲ.