ದೊಡ್ಡಮ್ಮನ ಮನೆಯ ವಿನೈಲ್ ರಾಕ್ಷಸರು

ಮೊನ್ನೆ ನಮ್ಮ ಸೊಸೈಟಿಯ ಗೇಟಿಗೆ ಹೊಸ ಬಣ್ಣ ಹೊಡೆಯುತ್ತಿದ್ದರು. ಥಿನ್ನರ್ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು. ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ಮುಂಬೈಯ ಮುಲುಂಡಿನ ಈ ಬಿಲ್ಡಿಂಗಿನಲ್ಲಿ ಉಡುಪಿ ಕಡೆಯವರೆಂದರೆ ನಾವೆರಡೇ ಮನೆ, ಹಾಗಾಗಿ ದೊಡ್ಡಮ್ಮ.

ಅವರ ಒಬ್ಬನೇ ಮಗ ಫೋರ್ಟಿನ ಆಫೀಸೊಂದರಲ್ಲಿದ್ದ. ಜೀವವೆಲ್ಲ ಬೊಂಬೆಗಳ ಮೇಲೆ. ಜಪಾನಿನವರು ಮಾಡುತ್ತಾರಲ್ಲ, ವಿನೈಲ್ ಎಂಬ ಮೆತ್ತನೆಯ ಪ್ಲಾಸ್ಟಿಕ್ಕಿನ ರಾಕ್ಷಸರು, ದೊಡ್ಡವರೇ ಸಂಗ್ರಹಿಸಿ ಗಾಜಿನ ಕಪಾಟಿನಲ್ಲಿಡುವಂಥವು. ಅಂಥದ್ದೊಂದನ್ನು ತಾನೇ ರೂಪಿಸಿ ಕಾಂದಿವಲಿಯ ಕಾರ್ಖಾನೆಯಲ್ಲಿ ಅಚ್ಚು ಹಾಕಿಸಿದ್ದ. ಏಡಿಯ ಮೈ, ಅಗಲ ಬಾಯಿ, ಉಬ್ಬಿದ ಮೂಗು. "ಇವನ ಸೋದರಮಾವನದ್ದೇ ಮೂಗು, ನೋಡು" ಎಂದು ದೊಡ್ಡಮ್ಮ ನಗುತ್ತಿದ್ದರು. ಕಾಮಿಕ್ಸ್, ಜಪಾನಿ ಕಾರ್ಟೂನ್ ಹುಚ್ಚಿನವರೆಲ್ಲ ಸೇರುವ ಮೇಳದಲ್ಲಿ ಅದು ಮೊದಲ ಬಾರಿ ಹೊರಬರುವುದಿತ್ತು.

ಅಚ್ಚಿನಿಂದ ಬಂದ ಒಂದೊಂದು ಬೊಂಬೆಗೂ ಬಣ್ಣ ಮಾತ್ರ ಮನೆಯಲ್ಲೇ. ಆಫೀಸಿನಿಂದ ಬಂದವನೇ ಅಡುಗೆಮನೆಯ ಕಟ್ಟೆಯ ಮುಂದೆ ಸ್ಪ್ರೇ ಗನ್ ಹಿಡಿದು ನಿಲ್ಲುತ್ತಿದ್ದ. ವಾಸನೆಯೆಂದು ಮೇಲಿನ ಮನೆಯವರು ಜಗಳಕ್ಕೆ ಬಂದ ಮೇಲೆ ಕಿಟಕಿಯೂ ಮುಚ್ಚಿತು. ದೊಡ್ಡಮ್ಮನಿಗೋ ಮೊದಲೇ ಉಬ್ಬಸ. ಮಗ ಕೇಳಿದರೆ, "ನನಗೆಂಥ ತೊಂದರೆ? ನೀನು ಮಾಡು" ಎನ್ನುವರು. ಹಗಲು ನಮ್ಮ ಬಾಲ್ಕನಿಗೆ ಬಂದು, ಗೋಡೆಗೆ ಒರಗಿ ಉಸಿರೆಳೆಯುವರು... ಆ ಸೀಟಿಯಂಥ ಸದ್ದು!

"ಅವನಿಗೆ ಹೇಳ್ಬೇಡ ಮಾರಾಯ್ತಿ. ಅವನ ಅಪ್ಪ ಹೋದ ಮೇಲೆ ಅವನನ್ನು ಇಷ್ಟು ಖುಷಿಯಲ್ಲಿ ನಾನು ನೋಡಿಯೇ ಇಲ್ಲ."

ತಡೆಯಲಾರದೆ ನಾನು ದೊಡ್ಡಮ್ಮನೆದುರೇ ಅವನಿಗೆ ಹೇಳಿಯೇಬಿಟ್ಟೆ. "ಇವಳಿಗೆ ಎಲ್ಲದಕ್ಕೂ ಗಾಬರಿ" ಎಂದು ದೊಡ್ಡಮ್ಮ ನಕ್ಕುಬಿಟ್ಟರು. ಅವನು ಅಮ್ಮನನ್ನು ನಂಬಿದ.

ಮೇಳದ ದಿನ ಅವನು ಪೆಟ್ಟಿಗೆಗಳೊಂದಿಗೆ ಬೆಳಿಗ್ಗೆಯೇ ಹೊರಟ. ಮಧ್ಯಾಹ್ನ ದೊಡ್ಡಮ್ಮ ನಮ್ಮ ಬಾಗಿಲು ಬಡಿದರು. ಮಾತು ಹೊರಡುತ್ತಿರಲಿಲ್ಲ, ತುಟಿ ನೀಲಿಗಟ್ಟಿತ್ತು. ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲಿ ನಾನು ಫೋನ್ ತೆಗೆದರೆ ಬೇಡವೆಂಬಂತೆ ಕೈ ಹಿಡಿದುಕೊಂಡರು. ಬಿಡಿಸಿಕೊಂಡು ಅವನಿಗೆ ಫೋನ್ ಮಾಡಿದೆ. ಆ ಕಡೆ ಗದ್ದಲ. ಅವನ ರಾಕ್ಷಸನಿಗಾಗಿ ಜನ ಸಾಲುಗಟ್ಟಿದ್ದರಂತೆ. ಎಲ್ಲ ಹಾಗೇ ಬಿಟ್ಟು ಓಡಿಬಂದ. ಕೊರಳಲ್ಲಿ ಮೇಳದ ಪಾಸ್ ನೇತಾಡುತ್ತಲೇ ಇತ್ತು.

"ಒಂದು ಮಾತು ಹೇಳಿದ್ರೆ ನಿಲ್ಲಿಸ್ತಿದ್ದೆ ಅಲ್ವಾ ಅಮ್ಮ?"

ದೊಡ್ಡಮ್ಮ ಆಕ್ಸಿಜನ್ ಮಾಸ್ಕನ್ನು ತುಸು ಸರಿಸಿದರು. "ಅದಕ್ಕೇ ಹೇಳ್ಲಿಲ್ಲ."

ಅಂದು ಉಳಿದರು. ಮುಂದಿನ ಮಳೆಗಾಲ ದಾಟಲಿಲ್ಲ... ಬಣ್ಣದಿಂದಲೇ ಹೀಗಾಯಿತೆಂದು ಡಾಕ್ಟರು ಹೇಳಲಿಲ್ಲ. ಅಲ್ಲವೆಂದೂ ಹೇಳಲಿಲ್ಲ.

ಪಕ್ಕದ ಮನೆಯಲ್ಲಿ ಈಗ ಅವನೊಬ್ಬನೇ. ಇನ್ನೊಂದು ರಾಕ್ಷಸನನ್ನು ಮಾಡು ಎಂದು ಇವತ್ತಿಗೂ ಮೆಸೇಜುಗಳು ಬರುತ್ತವಂತೆ, ಉತ್ತರಿಸುವುದಿಲ್ಲ. "ಬಣ್ಣವನ್ನೂ ಹೊರಗೇ ಹೊಡೆಸಬಹುದಲ್ಲ" ಎಂದು ನಾನೊಮ್ಮೆ ಹೇಳಿ ನೋಡಿದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ದೊಡ್ಡಮ್ಮ ಇದ್ದಿದ್ದರೆ ಬೈದಾದರೂ ಕೆಲಸಕ್ಕೆ ಕೂರಿಸುತ್ತಿದ್ದರು. ಅವನನ್ನು ಹಾಗೆ ಬೈಯುವವರು ಈಗ ಯಾರೂ ಇಲ್ಲ.